ಕಾರಣ ನಾಳೆಯ ಊಟಕ್ಕೆ

ಆ ಮನೆಯಲ್ಲಿ ಸೋಫಾ ಇಲ್ಲದಿರುವುದಕ್ಕೆ ಬಡತನ ಕಾರಣವಲ್ಲ, ಅಜ್ಜಿ ಕಾರಣ. ಹಿಂದೊಮ್ಮೆ ಊಟದ ಹೊತ್ತಿನಲ್ಲಿ ಸೋಫಾ ತರುವ ಮಾತು ಬಂದಾಗ, ಮನೆಯ ಪದ್ಧತಿಯಂತೆ ಮೇಜಿನ ಸುತ್ತ ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದಿದ್ದರು. ಎಲ್ಲರೂ "ಸಿದ್ಧ" ಅಂದರು. ಸರದಿ ತನ್ನ ಹತ್ತಿರ ಬಂದಾಗ ಅಜ್ಜಿ ತಟ್ಟೆಯಿಂದ ತಲೆಯೆತ್ತದೆ "ಇಲ್ಲ" ಅಂದಳು. ಒಬ್ಬರು ಇಲ್ಲ ಅಂದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಯಾಕೆ ಅಂತ ಆ ಹೊತ್ತಿಗೆ ಕೇಳುವ ಹಾಗಿಲ್ಲ. ಕಾರಣವನ್ನು ಮರುದಿನದ ಊಟಕ್ಕೆ ಹೇಳಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಮೆತ್ತಗೆ ಕೂತವರು ಬೇಗ ಏಳುವುದಿಲ್ಲ ಎಂಬುದು ಅಜ್ಜಿ ಮರುದಿನ ಕೊಟ್ಟ ಕಾರಣ. ಅಂದಿನಿಂದ ಆ ಮನೆಗೆ ಯಾರು ಬಂದರೂ ಬೆತ್ತದ ಕುರ್ಚಿಯೇ ಗತಿ.

ಈ "ಸುತ್ತು" ಮನೆಗೆ ಬಂದದ್ದು ರಾಕೆಟ್ ಕೇಂದ್ರದಿಂದ. ಉಡಾವಣೆಗೆ ಮುಂಚೆ ನಿಯಂತ್ರಣ ಕೊಠಡಿಯಲ್ಲಿ ಪ್ರತಿಯೊಂದು ಮೇಜನ್ನೂ ಹೆಸರು ಹಿಡಿದು ಕೇಳುತ್ತಾರೆ. ಒಬ್ಬನೇ ಒಬ್ಬ ಇಲ್ಲ ಅಂದರೂ ರಾಕೆಟ್ ಕದಲುವುದಿಲ್ಲ. ಅಜ್ಜಿಯ ಸೊಸೆ ಅಲ್ಲಿ ಮುಖ್ಯಸ್ಥೆಯಾದಾಗ ಅದಕ್ಕೊಂದು ನಿಯಮ ಸೇರಿಸಿದಳು: ಮೊದಲು ನಿಲ್ಲಿಸಿ, ಕಾರಣ ಆಮೇಲೆ. ಮುಖಕ್ಕೆ ಮುಖ ಕೊಟ್ಟು ಕಾರಣ ಕೇಳಿದರೆ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ಬಾಯಿಯನ್ನೇ ಬಿಡುವುದಿಲ್ಲ ಎಂಬುದು ಅವಳ ವಾದ. ಅದೇ ನಿಯಮ ಅವಳ ಬೆನ್ನಿಗೇ ಊಟದ ಮೇಜಿಗೂ ಬಂತು.

ಅವಳ ಗಂಡ, ಅಜ್ಜಿಯ ಮಗನಾದ ಯಜಮಾನರಿಗೆ ಇದೆಲ್ಲ ಅಭ್ಯಾಸವಾಗಿ ಹೋಗಿತ್ತು. ಆ ಮನೆಯ ಯಜಮಾನರೆಂದರೆ ಬೆಳಗ್ಗೆ ಎದ್ದು ಅಡುಗೆ ಮಾಡಿ, ಎಲ್ಲರ ಡಬ್ಬಿ ತುಂಬಿ, ಆಮೇಲೆ ತಮ್ಮ ಕನ್ನಡಕದಂಗಡಿಯ ಬಾಗಿಲು ತೆಗೆಯುವವರು. ಮದುವೆಯಾದಾಗ ಹೆಂಡತಿ, ಗಾಳಿ ಬೀಸಿ ರಾಕೆಟ್ ಮಾದರಿ ಪರೀಕ್ಷಿಸುವ ವಿಂಡ್ ಟನಲ್ ವಿಭಾಗದಲ್ಲಿದ್ದ ಒಬ್ಬಳೇ ಹೆಂಗಸು. ಆ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಎದುರಿನ ಅಂಚೆ ಕಚೇರಿಗೆ ಹೋಗಿಬರುತ್ತಿದ್ದಳು. "ಮನೆ ಹೆಣ್ಣಿಗೆ ಪಟಾಕಿ ಕೆಲಸ ಯಾಕೆ?" ಎಂದು ಅಜ್ಜಿ ಆಗ ಮುಖ ಊದಿಸಿಕೊಂಡಿದ್ದಳು. ರಾಕೆಟ್ಟನ್ನು ಅಜ್ಜಿ ಇವತ್ತಿಗೂ ಪಟಾಕಿ ಅಂತಲೇ ಕರೆಯುವುದು. ಹೆಂಡತಿ ಗಾಳಿಯಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಇಡೀ ರಾಕೆಟ್ಟಿಗೆ ಏರುತ್ತ ಹೋದಳು. ಯಜಮಾನರು ಮಗುವಿನ ಬಟ್ಟೆ ಒಗೆಯುವುದರಿಂದ ಅನ್ನಕ್ಕೆ ನೀರಿಡುವವರೆಗೆ ಒಂದೊಂದೇ ಕಲಿತರು. ಯಾರಾದರೂ ಕೆಣಕಿದರೆ, "ಅವಳು ಮೇಲೆ ಕಳಿಸ್ತಾಳೆ, ನಾನು ಕೆಳಗೆ ನೋಡ್ಕೋತೀನಿ" ಅನ್ನುತ್ತಿದ್ದರು.

ಈಗ ಹೆಂಡತಿ ಊರಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರ್. ಹಾಗಾದದ್ದಕ್ಕೂ ಒಂದು "ಇಲ್ಲ"ವೇ ಕಾರಣ. ಆ ಉಡಾವಣೆಯ ದಿನ ಎರಡನೇ ಹಂತದ ಒಂದು ವಾಲ್ವು ಮುಚ್ಚಿಕೊಳ್ಳಲು ಎಂದಿಗಿಂತ ಚೂರು ಹೆಚ್ಚು ಹೊತ್ತು ತೆಗೆದುಕೊಂಡಿತ್ತು. ನಿಗದಿ ಮಾಡಿದ ಮಿತಿಯೊಳಗೇ ಇತ್ತು. ಆದರೆ ಹಿಂದಿನ ಯಾವ ಪರೀಕ್ಷೆಯಲ್ಲೂ ಹಾಗೆ ಮಾಡಿರಲಿಲ್ಲ, ಯಾಕೆ ಮಾಡಿತು ಅಂತ ಯಾರಿಗೂ ಗೊತ್ತಿರಲಿಲ್ಲ. ಮೇಜುಗಳೆಲ್ಲ ಸಿದ್ಧ ಅಂದವು. ಗಾಜಿನಾಚೆ ದೊಡ್ಡ ದೊಡ್ಡವರು ದುರ್ಬೀನು ಹಿಡಿದು ಕೂತಿದ್ದರು. ಕೊನೆಯ ಸರದಿ ಮುಖ್ಯಸ್ಥೆಯದು. ಅವಳು ಇಲ್ಲ ಅಂದಳು. ಇಂಧನ ವಾಪಸು ತೆಗೆದರು, ದುರ್ಬೀನುಗಳು ಚೀಲ ಸೇರಿದವು. ವಾರ ಕಳೆಯುವುದರೊಳಗೆ ಅವಳಿಗೆ ಸಲಹೆಗಾರ್ತಿ ಎಂಬ ಹೊಸ ಹೆಸರು, ಕಿಟಕಿಯಿಲ್ಲದ ಕೋಣೆ ಸಿಕ್ಕಿತು. ಸಲಹೆ ಕೇಳುವವರು ಮಾತ್ರ ಯಾರೂ ಸಿಗಲಿಲ್ಲ. ಕುರ್ಚಿ ಬಿಟ್ಟು ಕಾಲೇಜು ಸೇರಿದಳು. ಕೇಂದ್ರದವರು ಅದೇ ರಾಕೆಟ್ಟನ್ನು, ಅದೇ ವಾಲ್ವನ್ನು ಬಿಚ್ಚದೆಯೇ ಹಾರಿಸಿದರು. ಅದು ನೆಟ್ಟಗೆ ಹೋಗಿ ಸೇರಬೇಕಾದಲ್ಲಿ ಸೇರಿತು.

ಅದಾದ ಮೇಲೊಂದು ಭಾನುವಾರ, ಅವಳ ಜಾಗಕ್ಕೆ ಬಂದಿದ್ದ ಹೊಸ ಮುಖ್ಯಸ್ಥ ಸೇಬಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದ. ಒಂದು ಕಾಲದಲ್ಲಿ ಅವಳ ಕೈಕೆಳಗೆ ಕೆಲಸ ಕಲಿತು, ಇದೇ ಮೇಜಿನಲ್ಲಿ ಉಂಡು ಹೋಗುತ್ತಿದ್ದವನು. ಮಾತಿಗೆ ಜೇನು ಸವರಿ ಆಡುತ್ತಾನೆಂದು ಅಜ್ಜಿ ಆಗಲೇ ಅವನಿಗೆ ಸಿಹಿಬಾಯಿ ಅಂತ ಹೆಸರಿಟ್ಟಿದ್ದಳು. ಬೆತ್ತದ ಕುರ್ಚಿಯ ಅಂಚಿನಲ್ಲಿ ಕೂತು ಅವನು ಯಜಮಾನರ ಕೈರುಚಿ ಹೊಗಳಿದ, ಅಜ್ಜಿಯ ಆರೋಗ್ಯ ವಿಚಾರಿಸಿದ, ಕೊನೆಗೆ ವಿಷಯಕ್ಕೆ ಬಂದ. ರಾಕೆಟ್ ಯಶಸ್ವಿಯಾದದ್ದಕ್ಕೆ ದೊಡ್ಡ ಸಮಾರಂಭ ಮಾಡುತ್ತಿದ್ದಾರೆ. ಮೇಡಂ ವೇದಿಕೆಗೆ ಬರಬೇಕು. ಬಂದು, ಅಂದು ತಾನು ಕೊಂಚ ಅತಿಯಾದ ಎಚ್ಚರಿಕೆ ವಹಿಸಿದೆ, ತಂಡವನ್ನು ನಂಬಬೇಕಿತ್ತು ಎಂದು ಎರಡು ಮಾತು ಹೇಳಬೇಕು. ಅಷ್ಟಾದರೆ ಚಂದ್ರನ ಮೇಲೆ ಇಳಿಯುವ ಲ್ಯಾಂಡರ್ ಯೋಜನೆ ಪೂರ್ತಿ ಮೇಡಂ ಕೈಗೆ.

"ಆ ವಾಲ್ವು ಬಿಚ್ಚಿ ನೋಡಿದ್ರಾ?" ಎಂದು ಹೆಂಡತಿ ಕೇಳಿದಳು.

"ಹಾರಿತಲ್ಲ ಮೇಡಂ."

"ನಾನು ಕೇಳಿದ್ದು ಅದಲ್ಲ."

ಸಿಹಿಬಾಯಿ ನಕ್ಕು, ಯೋಚನೆ ಮಾಡಿ ಹೇಳಿ ಎಂದು ಎದ್ದ. ಹೋಗುವಾಗ ಅವಳ ಮಗನ ಬೆನ್ನು ತಟ್ಟಿ, ನಿಯಂತ್ರಣ ಕೊಠಡಿಯಲ್ಲಿ ಒಂದು ಮೇಜು ಖಾಲಿಯಾಗುತ್ತಿದೆ ಎಂದು ಸುಮ್ಮನೆ ಹೇಳುವವನಂತೆ ಹೇಳಿಹೋದ. ಮಗನೂ ಅದೇ ಕೇಂದ್ರದಲ್ಲಿ ಎಂಜಿನಿಯರ್.

ಯಜಮಾನರು ಅಡುಗೆಮನೆಗೆ ಹೋದರೆ ಆಲೂಗಡ್ಡೆ ಬುಟ್ಟಿಯಲ್ಲಿ ಅರ್ಧಕ್ಕರ್ಧ ಕಾಲು ಮೂಡಿದ ಆಲೂಗಡ್ಡೆಗಳು. ಪ್ರತಿಯೊಂದಕ್ಕೂ ಬೆಂಕಿಕಡ್ಡಿ ಚುಚ್ಚಿತ್ತು. ಕೆಲವಕ್ಕೆ ಮೂರು, ಕೆಲವಕ್ಕೆ ನಾಲ್ಕು. ಪಕ್ಕದಲ್ಲಿ ಓರೆಯಾಗಿಟ್ಟ ತಟ್ಟೆ, ಅದರ ತುಂಬ ಗೋಧಿ ಹಿಟ್ಟು, ಹಿಟ್ಟಿನಲ್ಲಿ ಗುಳಿಗಳು. ಲ್ಯಾಂಡರಿನ ಸುದ್ದಿ ಪತ್ರಿಕೆಯಲ್ಲಿ ಬಂದಂದಿನಿಂದ ಹೆಂಡತಿ ಯಾರೂ ಇಲ್ಲದ ಹೊತ್ತು ನೋಡಿ ಇಳಿಜಾರಿನ ಮೇಲೆ ಆಲೂಗಡ್ಡೆ ಇಳಿಸುತ್ತಿದ್ದಳು. ಯಾವುದು ಮಗುಚುತ್ತದೆ, ಯಾವುದು ನಿಲ್ಲುತ್ತದೆ ಎಂದು ನೋಡುತ್ತಿದ್ದಳು. ಯಜಮಾನರು ಒಂದೊಂದೇ ಕಾಲು ಕಿತ್ತು, ಸಿಪ್ಪೆ ಸುಲಿದು, ಬೇಯಲು ಹಾಕಿದರು. ಅವಳಿಗೆ ಆ ಯೋಜನೆ ಎಷ್ಟು ಬೇಕಾಗಿದೆ ಎಂದು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ.

ಆ ರಾತ್ರಿಯೂಟಕ್ಕೆ ಮಗ ಮೊದಲ ತುತ್ತಿಗೇ ಶುರು ಮಾಡಿದ.

"ಎರಡು ಮಾತು ತಾನೇ ಅಮ್ಮ? ಕ್ಲಾಸಲ್ಲಿ ಒಂದೊಂದು ಗಂಟೆ ಮಾತಾಡ್ತೀಯ."

"ಕ್ಲಾಸಲ್ಲಿ ಸುಳ್ಳು ಹೇಳಲ್ಲ ಕಣೋ."

"ಯಾವುದು ಸುಳ್ಳು? ನೀನು ಹಾರಲ್ಲ ಅಂದೆ. ಅದು ಹಾರಿತು."

"ಹಾರಲ್ಲ ಅನ್ನಲಿಲ್ಲ. ಗೊತ್ತಿಲ್ಲ ಅಂದೆ."

"ಗೊತ್ತಿಲ್ಲ ಅಂದಿದ್ದಕ್ಕೆ ನಾನು ಅನುಭವಿಸ್ತಿದೀನಲ್ಲ. ಕ್ಯಾಂಟೀನಲ್ಲಿ ನನ್ನನ್ನ ಏನಂತಾರೆ ಗೊತ್ತಾ? ಇಲ್ಲಮ್ಮನ ಮಗ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಹೆಸರೇನೋ ಚೆನ್ನಾಗಿದೆ" ಅಂದಳು. ಮಗ ಅಜ್ಜಿಯ ಕಡೆ ದುರುಗುಟ್ಟಿದ. ಜೊತೆಗಾರರು ಈಗ ಊಟಕ್ಕೆ ಬೇರೆ ಮೇಜು ಹಿಡಿಯುತ್ತಾರೆ, ತನ್ನ ನಂತರ ಸೇರಿದವರಿಗೆಲ್ಲ ಒಳ್ಳೆಯ ಕೆಲಸ ಸಿಕ್ಕಿದೆ, ತಾನು ಮಾತ್ರ ಇನ್ನೂ ಉಗ್ರಾಣದ ಪಕ್ಕದ ಕೋಣೆಯಲ್ಲಿ ನಟ್ಟು ಬೋಲ್ಟು ಪರೀಕ್ಷಿಸುತ್ತಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿ, ಚಮಚ ಕೆಳಗಿಟ್ಟ. "ಸುತ್ತು ಹಾಕೋಣ. ನಿನ್ನದೇ ಪದ್ಧತಿ. ಅಮ್ಮ ವೇದಿಕೆಗೆ ಹೋಗೋದು. ನಾನು ಸಿದ್ಧ."

ಮಗನ ಹೆಂಡತಿ, ಮನೆಯ ಕಿರಿಯ ಸೊಸೆ, ಅತ್ತೆಯ ಮುಖ ನೋಡಿ, ಗಂಡನ ಮುಖ ನೋಡಿ, ಸಣ್ಣ ದನಿಯಲ್ಲಿ ಸಿದ್ಧ ಅಂದಳು. ಅಜ್ಜಿ, "ಎರಡು ಮಾತಿಗೆ ನಾಲಿಗೆಯೇನೂ ಸವೆಯಲ್ಲ, ಸಿದ್ಧ" ಅಂದಳು. ಸರದಿ ಯಜಮಾನರದಾಯಿತು. ಅವರು ತಟ್ಟೆಯಲ್ಲಿದ್ದ ಆಲೂಗಡ್ಡೆ ನೋಡಿದರು. ಬೆಂಕಿಕಡ್ಡಿ ಹೋಗಿ ಆಗಿದ್ದ ತೂತು ಬೆಂದ ಮೇಲೂ ಹಾಗೇ ಕಾಣುತ್ತಿತ್ತು.

"ಸಿದ್ಧ" ಅಂದರು.

ಹೆಂಡತಿ ಅವರನ್ನೊಮ್ಮೆ ನೋಡಿದಳು. ಸಿಟ್ಟಿರಲಿಲ್ಲ; ತಪ್ಪು ಅಳತೆ ತೋರಿಸಿದ ಉಪಕರಣವನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಅನ್ನ ಕಲಸಿಕೊಳ್ಳುತ್ತ, "ಇಲ್ಲ" ಅಂದಳು.

ಮಗ ಕುರ್ಚಿ ಹಿಂದಕ್ಕೆ ತಳ್ಳಿದ. "ನಿಯಮ ಮಾಡೋಳು ನೀನು, ಅದರ ಹಿಂದೆ ಬಚ್ಚಿಟ್ಟುಕೊಳ್ಳೋಳೂ ನೀನೇ" ಎಂದು ತಟ್ಟೆ ಎತ್ತಿಕೊಂಡು ಮಹಡಿಗೆ ಹೋದ.

ಮರುದಿನ ಅವನು ಊಟಕ್ಕೆ ಇಳಿಯಲಿಲ್ಲ. ಕಾರಣ ಹೇಳುವ ಊಟ ಅದು; ಎಲ್ಲರೂ ಇರಬೇಕಿತ್ತು. ಹೆಂಡತಿ ಸ್ವಲ್ಪ ಹೊತ್ತು ಕಾದು, ಖಾಲಿ ಕುರ್ಚಿಯ ಕಡೆ ತಿರುಗಿಯೇ ಹೇಳಿದಳು. "ನಾಳೆ ಆ ಕೋಣೆಯಲ್ಲಿ ಒಂದು ಹುಡುಗನೋ ಹುಡುಗಿಯೋ ಕೂತಿರುತ್ತೆ. ಅದಕ್ಕೆ ಅನುಮಾನ ಬರುತ್ತೆ. ಇಲ್ಲ ಅನ್ನೋಕೆ ಬಾಯಿ ತೆಗೆಯುತ್ತೆ. ಆಗ ನನ್ನ ನೆನಪಾಗುತ್ತೆ: ಮುಖ್ಯಸ್ಥೆಯೇ ಇಲ್ಲ ಅಂದು, ಆಮೇಲೆ ವೇದಿಕೆ ಹತ್ತಿ ತಪ್ಪಾಯ್ತು ಅಂದಳು. ಆ ಮಗು ಬಾಯಿ ಮುಚ್ಚಿಕೊಳ್ಳುತ್ತೆ. ಅವತ್ತು ರಾಕೆಟ್ ಒಳಗೆ ಮನುಷ್ಯರು ಕೂತಿದ್ರೆ?" ಅಜ್ಜಿ, "ಇಷ್ಟಿದೆ ಅಂತ ನಿನ್ನೆಯೇ ಬೊಗಳಿದ್ರೆ ನಾನೂ ಸಿದ್ಧ ಅಂತಿರಲಿಲ್ಲವಲ್ಲೇ" ಎಂದು ಗೊಣಗಿದಳು.

ಊಟದ ಪಾತ್ರೆ ತೊಳೆಯುವ ಸರದಿ ಆ ವಾರ ಮಗನದು. ಮುನಿಸಿದ್ದರೂ ಸರದಿ ತಪ್ಪಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ. ಅವನು ಕೆಳಗೆ ಬಂದು ತೊಳೆದ, ಯಜಮಾನರು ಒರೆಸಿಟ್ಟರು. ಒರೆಸುತ್ತಲೇ ಹೆಂಡತಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಮಗ ತೊಳೆದಿದ್ದ ಬಾಣಲೆಯನ್ನೇ ಮತ್ತೊಮ್ಮೆ ಉಜ್ಜಿದ.

ಅದಾದ ಮೇಲೂ ಅವನ ಊಟ ಮಹಡಿಯಲ್ಲೇ. ತಟ್ಟೆ ಹೊತ್ತು ಹತ್ತಿ ಇಳಿಯುವ ಕೆಲಸ ಸೊಸೆಯ ಪಾಲಿಗೆ ಬಂತು. ಅವಳು ಆಸ್ಪತ್ರೆಯಲ್ಲಿ ಫಿಸಿಯೋ, ಕಾಲು ಮುರಿದವರಿಗೆ ನಡೆಯಲು ಕಲಿಸುವವಳು. ಕೆಲವು ದಿನ ಸುಮ್ಮನಿದ್ದು, ಒಂದು ಸಂಜೆ ಮೆಟ್ಟಿಲ ಬುಡದಲ್ಲೇ ತಟ್ಟೆಯಿಟ್ಟು, "ಕಾಲಿಲ್ಲದವರನ್ನು ನಡೆಸಬಹುದು ಮಾವ, ಕಾಲಿರೋರನ್ನ ಆಗಲ್ಲ. ಬೇಕಾದ್ರೆ ಇಳಿದು ಬರಲಿ" ಎಂದು ಮೇಲಕ್ಕೂ ಕೇಳುವ ಹಾಗೆ ಹೇಳಿದಳು. ಮಗ ಇಳಿದು ಬಂದ, ಮೂರನೇ ಮೆಟ್ಟಿಲ ಮೇಲೇ ಕೂತು ಉಂಡ. ಮೇಜಿಗೆ ಬರಲಿಲ್ಲ. ಅಜ್ಜಿ ಮೇಜಿನಿಂದಲೇ, "ಅರ್ಧ ದಾರಿ ಬಂತು ಪಟಾಕಿ" ಅಂದಳು.

ಸಿಹಿಬಾಯಿ ಎರಡು ಸಲ ಫೋನು ಮಾಡಿದ. ಮೊದಲ ಸಲ ಹೆಂಡತಿ, ವಾಲ್ವು ಬಿಚ್ಚಿದರೆ ತಾನೇ ಬಂದು ವೇದಿಕೆಯ ಮೇಲೆ ಅದನ್ನು ಎತ್ತಿ ತೋರಿಸುತ್ತೇನೆ, ಒಳಗೆ ಏನೂ ಇಲ್ಲದಿದ್ದರೆ ಏನೂ ಇರಲಿಲ್ಲ ಅಂತಲೇ ಹೇಳುತ್ತೇನೆ ಅಂದಳು. ಅದು ಆಕಾಶದಲ್ಲಿ ಸುಟ್ಟುಹೋಗಿದೆ ಮೇಡಂ ಎಂದು ಅವನು ನಗೆಯಾಡಿದ. ಅದಕ್ಕೇ ಹಾರಿಸುವ ಮುಂಚೆ ಬಿಚ್ಚಬೇಕಿತ್ತು ಎಂದು ಇವಳು ಫೋನಿಟ್ಟಳು. ಎರಡನೇ ಸಲ ಅವನ ದನಿಯಲ್ಲಿ ಜೇನು ಕಡಿಮೆಯಿತ್ತು.

ಸಮಾರಂಭದ ದಿನ ಊರಿಗೆ ಊರೇ ಟಿ.ವಿ. ಮುಂದಿತ್ತು. ಯಜಮಾನರು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೆಂಡತಿಯ ಡಬ್ಬಿ ಹಿಡಿದುಕೊಂಡು ಕಾಲೇಜಿಗೆ ಹೋದರು. ಅವಳ ವಿಂಡ್ ಟನಲ್ ಎಂದರೆ ಪ್ಲೈವುಡ್ಡಿನ ಉದ್ದ ಪೆಟ್ಟಿಗೆ, ಒಂದು ತುದಿಗೆ ಕಾರ್ಖಾನೆಯಿಂದ ತಂದ ಹಳೆಯ ಫ್ಯಾನು. ಅದರ ಗದ್ದಲ ನಿಲ್ಲಿಸಿ ಅವಳು ಹುಡುಗರಿಗೆ ಪ್ರಶ್ನೆ ಹಾಕುತ್ತಿದ್ದಳು. ರಾಕೆಟ್ ಹಾರಿತು. ಹಾಗಾದರೆ ವಾಲ್ವು ಸರಿಯಿತ್ತೇ? ಸರಿಯಿತ್ತು ಎಂದು ಬಹಳ ಜನ ಕೂಗಿದರು. ಕಣ್ಣು ಮುಚ್ಚಿಕೊಂಡು ರಸ್ತೆ ದಾಟಿದವನು ಆಚೆ ಬದಿ ಮುಟ್ಟಿದ. ಹಾಗಾದರೆ ರಸ್ತೆಯಲ್ಲಿ ಗಾಡಿಗಳಿರಲಿಲ್ಲವೇ ಎಂದು ಅವಳು ಕೇಳಿದಳು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಾಗಾದ್ರೆ ನೀವು ಹೇಳಿದ್ದೇ ಸರಿಯಾ ಮೇಡಂ?" ಅಂದಳು.

"ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗಲ್ಲ. ನಾನು ಸರಿ ಅಂತ ನಾನೆಲ್ಲೂ ಹೇಳಿಲ್ಲ. ತಪ್ಪು ಅಂತಲೂ ಹೇಳಲ್ಲ, ಯಾರು ಏನು ಕೊಟ್ಟರೂ" ಎಂದು ಅವಳು ಫ್ಯಾನಿನ ಗುಂಡಿ ಒತ್ತಿದಳು.

ಊಟದ ಬಿಡುವಿನಲ್ಲಿ ಗಂಡ ಹೆಂಡತಿ ಆ ಪ್ಲೈವುಡ್ ಪೆಟ್ಟಿಗೆಗೆ ಒರಗಿ ಕೂತರು. ಯಜಮಾನರು ಒಂದು ಮಾತನ್ನು ವಾರಗಳಿಂದ ಮುಂದೂಡುತ್ತ ಬಂದಿದ್ದರು. ಡಬ್ಬಿಯ ಮುಚ್ಚಳ ತೆಗೆಯುತ್ತ, ಅವತ್ತು ನಾನು ಸಿದ್ಧ ಅಂದೆನಲ್ಲ ಎಂದು ಎತ್ತಿಕೊಂಡರು.

"ಅಂದ್ರಿ" ಎಂದಳು ಅವಳು. "ಇಲ್ಲ ಅಂದವರಿಗೆ ಕಾರಣ ಕೇಳೋ ನಿಯಮ ಮಾಡಿದೆ ನಾನು. ಸಿದ್ಧ ಅಂದವರಿಗೆ ಕೇಳೋ ನಿಯಮ ಮಾಡಲೇ ಇಲ್ಲ. ಅದು ನನ್ನ ತಪ್ಪು. ಈಗ ಕೇಳ್ತೀನಿ. ಯಾಕೆ ಸಿದ್ಧ ಅಂದ್ರಿ?"

"ಆಲೂಗಡ್ಡೆ ನೋಡಿ."

ಅವಳು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, "ನಾಲ್ಕು ಕಾಲಿಂದೇ ಚೆನ್ನಾಗಿ ನಿಲ್ಲುತ್ತೆ ರೀ" ಅಂದಳು. "ನಾಳೆಯಿಂದ ಹಿಟ್ಟು, ಆಲೂಗಡ್ಡೆ ಎರಡನ್ನೂ ಇಲ್ಲಿಗೆ ಕಳಿಸಿ. ಈ ಹುಡುಗರ ಕೈಲಿ ಮಾಡಿಸ್ತೀನಿ. ಅವರ ಲ್ಯಾಂಡರ್ ಯಾರ ಕೈಗಾದರೂ ಹೋಗಲಿ, ಕಾಲಿನ ಲೆಕ್ಕ ಬಲ್ಲವರು ಇಲ್ಲಿಂದ ಹೋಗಲಿ."

ಸಂಜೆ ಗೊತ್ತಾಯಿತು: ವೇದಿಕೆಯಲ್ಲಿ ಅವಳ ಕುರ್ಚಿ ಖಾಲಿಯಿಟ್ಟು, ಆರೋಗ್ಯ ಸರಿಯಿಲ್ಲ ಎಂದು ಸಾರಿದ್ದರು. ಅಜ್ಜಿ ಕೆರಳಿ, ಬೀದಿ ಬಾಗಿಲಲ್ಲಿ ನಿಂತು, ಬಂದು ಹೋಗುವವರಿಗೆಲ್ಲ ತನ್ನ ಸೊಸೆ ಗುಂಡುಕಲ್ಲಿನ ಹಾಗಿದ್ದಾಳೆ ಎಂದು ಹೇಳಿ ಕಳಿಸಿದಳು. ಲ್ಯಾಂಡರ್ ಯೋಜನೆ ಬೇರೆ ಯಾರಿಗೋ ಹೋಯಿತು.

ಮಗನಿಗೆ ಮಾತ್ರ ನಿಯಂತ್ರಣ ಕೊಠಡಿಯ ಮೇಜು ಸಿಕ್ಕಿತು. ನೀನು ನಿಮ್ಮಮ್ಮನ ಹಾಗಲ್ಲ ಎಂದು ಸಿಹಿಬಾಯಿಯೇ ಬಾಯಿಬಿಟ್ಟು ಹೇಳಿದನಂತೆ. ಮಗ ಕೇಕು ತಂದ. ಬಹಳ ದಿನದ ಮೇಲೆ ಮೇಜಿಗೆ ಬಂದು ಕೂತ. ಎರಡನೇ ಹಂತದ ಎಂಜಿನ್ನು, ಅದರ ವಾಲ್ವುಗಳು ತನ್ನ ಜವಾಬ್ದಾರಿ ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ಹೆಂಡತಿ ಒಂದು ಚೂರು ಕೇಕು ತಿಂದು, "ಕಣ್ಣಿಟ್ಟು ನೋಡು" ಎಂದಷ್ಟೇ ಅಂದಳು. ಅಜ್ಜಿ ಎರಡು ಚೂರು ತಿಂದು, ಸಿಹಿ ಜಾಸ್ತಿಯಾಯಿತು ಅಂದಳು.

ಮುಂದಿನ ಉಡಾವಣೆ ಒಂದು ಬೆಳಗ್ಗೆ. ಯಜಮಾನರು ಒಲೆಯ ಮೇಲೆ ಸಾರು ಕುದಿಯಲು ಬಿಟ್ಟು ಸೌಟು ಹಿಡಿದೇ ಟಿ.ವಿ. ಮುಂದೆ ಬಂದು ನಿಂತರು. ಅಜ್ಜಿ, ಸೊಸೆ ಬೆತ್ತದ ಕುರ್ಚಿಗಳಲ್ಲಿದ್ದರು. ಹೆಂಡತಿ ಕಾಲೇಜಿಗೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಒಳಗೂ ಬರಲಿಲ್ಲ, ಹೋಗಲೂ ಇಲ್ಲ. ತೆರೆಯ ಮೇಲೆ ಬಿಳಿಯ ರಾಕೆಟ್ಟು, ಅದರ ಮಗ್ಗುಲಿನಿಂದ ಏಳುವ ಹಬೆ. ಕೊನೆಯ ಸುತ್ತು ಶುರುವಾಯಿತು. ಸಿಹಿಬಾಯಿಯ ದನಿ ಒಂದೊಂದೇ ಮೇಜನ್ನು ಕರೆಯುತ್ತ ಹೋಯಿತು. ಹವಾಮಾನ? ಸಿದ್ಧ. ಸುರಕ್ಷತೆ? ಸಿದ್ಧ. ಮೊದಲ ಹಂತ? ಸಿದ್ಧ.

"ಎರಡನೇ ಹಂತ?"

ಟಿ.ವಿ.ಯಲ್ಲಿ ಏನೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಸಾರು ಕುದಿಯುವುದು ಕೇಳುತ್ತಿತ್ತು.

"ಎರಡನೇ ಹಂತ?"

"ಇಲ್ಲ" ಎಂದಿತು ಒಂದು ದನಿ. "ನಿಲ್ಲಿಸಿ."

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಜ್ಜಿ, "ನಮ್ಮವನದಲ್ಲವೇನೇ ದನಿ?" ಅಂದಳು. ಸಿಹಿಬಾಯಿಯ ದನಿ ಈಗ ಚೂರಿಯಂತಿತ್ತು: "ಕಾರಣ ಹೇಳಿ." ಕೇಳಬಾರದ್ದನ್ನು ಅವನು ದೇಶಕ್ಕೆಲ್ಲ ಕೇಳುವ ಹಾಗೆ ಕೇಳಿದ್ದ.

"ಕಾರಣ ಆಮೇಲೆ ಸರ್" ಎಂದಿತು ಮಗನ ದನಿ. ಕೊನೆಯ ಅಕ್ಷರದವರೆಗೂ ಸ್ಪಷ್ಟವಾಗಿತ್ತು. "ಮೊದಲು ನಿಲ್ಲಿಸಿ."

ತೆರೆಯ ಮೂಲೆಯಲ್ಲಿ ಹಿಂದಕ್ಕೆ ಓಡುತ್ತಿದ್ದ ಗಡಿಯಾರ ನಿಂತಿತು. ಯಜಮಾನರು ಬಾಗಿಲ ಕಡೆ ತಿರುಗಿದರು. ಹೆಂಡತಿ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದಳು. "ಇವತ್ತು ಕಾಲೇಜಿಗೆ ರಜೆ" ಎಂದು ಕೋಣೆಗೆ ಹೋದಳು. ಅವಳ ಮುಖ ಯಾರಿಗೂ ಕಾಣಲಿಲ್ಲ.

ಮಗ ಬಂದದ್ದು ಸಂಜೆ, ಊಟದ ಹೊತ್ತಿಗೆ ಸರಿಯಾಗಿ. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ನಾಳೆಯಿಂದ ಮತ್ತೆ ಉಗ್ರಾಣದ ಪಕ್ಕದ ಕೋಣೆ ಎಂದು ಸೊಸೆಗೆ ಮೆಲ್ಲಗೆ ಹೇಳಿ, ಕೈತೊಳೆದು, ಮಹಡಿಯ ಕಡೆ ತಲೆಯೂ ಹಾಕದೆ ಸೀದಾ ಮೇಜಿಗೆ ಬಂದು ತನ್ನ ಕುರ್ಚಿಯಲ್ಲಿ ಕೂತ. ಯಾರೂ ಏನೂ ಕೇಳಲಿಲ್ಲ. ಹೆಂಡತಿಗೆ ಅದು ಎಷ್ಟು ಕಷ್ಟವಾಗಿತ್ತೆಂದು ಯಜಮಾನರಿಗೆ ಕಾಣುತ್ತಿತ್ತು. ಯಾವ ವಾಲ್ವು, ಎಷ್ಟು ಒತ್ತಡ, ಹಿಂದಿನ ಪರೀಕ್ಷೆಯಲ್ಲಿ ಎಷ್ಟಿತ್ತು, ಎಲ್ಲವೂ ಅವಳ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅವಳು ಉಪ್ಪಿನ ಬಟ್ಟಲನ್ನು ಅತ್ತಿಂದಿತ್ತ ಸರಿಸುತ್ತಿದ್ದಳು.

ಫೋನು ಬಡಿದುಕೊಂಡಿತು. ಮಗ ಏಳಹೋದ. ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿ ತಾವೇ ಎತ್ತಿಕೊಂಡರು. ಆ ಕಡೆಯಿಂದ ಸಿಹಿಬಾಯಿ. ಹೊಗಳಿಕೆ, ಕುಶಲ ಏನೂ ಇಲ್ಲದೆ, ನಿಮ್ಮ ಮಗ ಯಾಕೆ ಹಾಗೆ ಮಾಡಿದ ಎಂದು ಈಗಲೇ ತಿಳಿಯಬೇಕು ಎಂದು ಕೂಗುತ್ತಿದ್ದ.

"ಅವನು ಊಟಕ್ಕೆ ಕೂತಿದಾನೆ. ಕಾರಣ ನಾಳೆ ಹೇಳ್ತಾನೆ" ಅಂದರು ಯಜಮಾನರು. "ಅಲ್ಲಿವರೆಗೆ ಆ ವಾಲ್ವು ಬಿಚ್ಚಿ ನೋಡಿ. ಈ ಸಲ ಇನ್ನೂ ನೆಲದ ಮೇಲೇ ಇದೆಯಲ್ಲ."

ಫೋನಿಟ್ಟು ತಿರುಗಿದಾಗ ಹೆಂಡತಿ ಅವರನ್ನೇ ನೋಡುತ್ತಿದ್ದಳು. ಈ ಸಲದ ನೋಟ ಬೇರೆ ಇತ್ತು. ಅವರು ಏನೂ ಆಗದವರಂತೆ ಸಾರಿನ ಪಾತ್ರೆ ತಂದು ನಡುವೆ ಇಟ್ಟರು.

ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. ಬಾಯಿ ತೆರೆದಳು, ಸೊಸೆ ಮೇಜಿನ ಕೆಳಗಿನಿಂದ ಕಾಲು ಒತ್ತಿದಳು. ಅಜ್ಜಿ ಬಾಯಿ ಮುಚ್ಚಿದಳು, ಮತ್ತೆ ತೆರೆದಳು.

"ಅನ್ನ ಬಡಿಸಲೇನೋ? ಅದನ್ನಾದರೂ ಕೇಳಬಹುದೋ, ಅದೂ ನಾಳೆಗೋ?"

ಮಗ ತಟ್ಟೆಯನ್ನು ಮುಂದಕ್ಕೆ ಚಾಚಿದ.

"ಸಿದ್ಧ" ಅಂದ.